ಮಾರಿಕಣಿವೆ ಹಿನ್ನೀರಿನ ಗೆರೆ ಎಲ್ಲಿದೆ?

2022ರ ಸೆಪ್ಟೆಂಬರ್ ಮೊದಲ ವಾರ, ಹುಬ್ಬೆ ಮಳೆ ಹುಟ್ಟಿದ ಹೊತ್ತು. ಹೊಸದುರ್ಗ ತಾಲ್ಲೂಕಿನ ಕಡೆ, ಮಾರಿಕಣಿವೆ ಹಿನ್ನೀರಿನ ದಂಡೆಯಲ್ಲಿ ನಾನು ಹಾಕಿದ್ದ ಎರಡು ಎಕರೆ ಈರುಳ್ಳಿ ಕೀಳೋದಕ್ಕೆ ಇನ್ನು ಮೂರು ವಾರ ಇತ್ತು. ನೀರು ದಿನಕ್ಕೆ ನಾಲ್ಕು ಸಾಲು, ಐದು ಸಾಲು ಅಂತ ಮೇಲೆ ಬಂತು. ಮೊದಲು ಈರುಳ್ಳಿ ಹೋಯಿತು, ಆಮೇಲೆ ಮೋಟಾರಿನ ತಗಡಿನ ಶೆಡ್ಡು, ಕಡೆಗೆ ಬೋರಿನ ಕೇಸಿಂಗ್ ಪೈಪೂ ಮುಳುಗಿತು. ಅದೇ ಹೊತ್ತಿಗೆ ಅಣೆಕಟ್ಟೆ ಹತ್ತಿರ ಕೋಡಿ ಬಿದ್ದಿದ್ದು ನೋಡೋಕೆ ಜಾತ್ರೆ ಹಾಗೆ ಜನ. 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು, ಅದಾದ ಮೇಲೆ 89 ವರ್ಷಕ್ಕೆ ಇದೇ ಎರಡನೇ ಸಲ. ನನಗೆ ಸಂತೋಷ ಆಯಿತು ಅಂದರೂ ಸುಳ್ಳು, ಆಗಲಿಲ್ಲ ಅಂದರೂ ಸುಳ್ಳು.

ತಪ್ಪು ಮುಕ್ಕಾಲು ಪಾಲು ನನ್ನದೇ. ಬೋರ್ ಕೊರೆಸುವ ಮುಂಚೆ ಒಂದು ಕಚೇರಿಯಲ್ಲಿ ಕೇಳಿದ್ದೆ. "ಅಲ್ಲೀತನಕ ನೀರು ಎಲ್ಲಿ ಬರುತ್ತೆ ಯಜಮಾನ್ರೇ" ಅಂದಿದ್ದರು. ಆದರೆ ನಮ್ಮಜ್ಜ ಬೇರೆ ಮಾತು ಹೇಳಿದ್ದ. ನಮ್ಮ ಹೊಲದ ಕೆಳಬದುವಿನಲ್ಲಿ ಅರ್ಧ ಹೂತ ಒಂದು ಕಲ್ಲು ಐತೆ. "ಇದರ ಕೆಳಗೆ ಗುಡಿಸಲು ಹಾಕಬೇಡ, ಬೆಳೆ ಬೇಕಾದರೆ ಹಾಕು" ಅಂತ ನಾನು ಸಣ್ಣವನಿದ್ದಾಗ ತೋರಿಸಿದ್ದ. ಅವನು 1933ರ ನೀರು ಕಂಡವನು. ನಾನು, ನಮ್ಮಪ್ಪ ಕಂಡವರಲ್ಲ. ಹಂಗಾಗಿ ಕಲ್ಲು ನಮ್ಮ ಪಾಲಿಗೆ ಬರೀ ಕಲ್ಲಾಯಿತು.

ಹಿನ್ನೀರಿನ ದಂಡೆ ರೈತರಿಗೆ ಈ ನೆಲ ಹೀಗೆ ಯಾಕೆ ಅಂತ ಗೊತ್ತಿರಬೇಕು. ಅದಕ್ಕೇ ಇದನ್ನು ಬರೀತಿದ್ದೀನಿ.

ವೇದಾವತಿ ಹುಟ್ಟೋದು ಬಾಬಾಬುಡನ್‌ಗಿರಿಯಲ್ಲಿ. ವೇದಾ, ಅವತಿ ಅಂತ ಎರಡು ಹೊಳೆ ಕಡೂರಿನ ಕಡೆ ಕೂಡಿ ಹೊಸದುರ್ಗದ ಬಯಲಿಗೆ ಇಳೀತವೆ. ಆ ಬಯಲಿಗೆ ಮೂಡಲಲ್ಲಿ ಗುಡ್ಡದ ಸಾಲು ಅಡ್ಡ ನಿಂತಿದೆ. ಹೊಳೆ ಗುಡ್ಡವನ್ನು ಕೊರೆದು ಹಿರಿಯೂರಿನ ಕಡೆ ದಾಟಿದ ಕಂಡಿಯೇ ಮಾರಿಕಣಿವೆ. ಕಂಡಿ ಕಿರಿದು, ಹಿಂದಿನ ಬಯಲು ಅಗಲ. ಚೊಂಬಿನ ಕುತ್ತಿಗೆ ಮುಚ್ಚಿದ ಹಾಗೆ 1,330 ಅಡಿ ಉದ್ದದ ಕಟ್ಟೆ ಕಟ್ಟಿದರೆ ಸಾಕಾಯಿತು, 30 ಟಿ.ಎಂ.ಸಿ. ನೀರು ನಿಲ್ಲುವ ಜಾಗ ಸಿಕ್ಕಿತು. ಕೆಲಸ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು. ಆಗ ರಾಜ್ಯಭಾರ ಮಾಡುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇಟ್ಟರು. ಧಾತು ವರ್ಷದ ಬರ ಕಳೆದು ಇಪ್ಪತ್ತು ವರ್ಷ ಆಗಿತ್ತಷ್ಟೆ. 1871ರಲ್ಲಿ 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನ 1881ರ ಎಣಿಕೆಗೆ 42 ಲಕ್ಷಕ್ಕೆ ಇಳಿದಿತ್ತು. ಆ ಬರ ನೆನೆಸಿಕೊಂಡರೆ ಕಟ್ಟೆ ಬೇಡವಾಗಿತ್ತು ಅನ್ನೋ ಬಾಯಿ ನನಗಿಲ್ಲ.

ಆದರೆ ಲೆಕ್ಕ ನೋಡಿ. ಕಟ್ಟೆ ಕೆಳಗೆ ಹಿರಿಯೂರು ಸೀಮೆಯಲ್ಲಿ ಅಚ್ಚುಕಟ್ಟು ಸುಮಾರು 30 ಸಾವಿರ ಎಕರೆ. ಪೂರಾ ತುಂಬಿದರೆ ಮೇಲೆ ನೀರು ಹರಡೋದು 87 ಚದರ ಕಿಲೋಮೀಟರ್ ಹತ್ತಿರ, ಅಂದರೆ 21 ಸಾವಿರ ಎಕರೆಗೂ ಮೇಲೆ. ಮೂರು ಎಕರೆ ನೀರಾವರಿಗೆ ಎರಡು ಎಕರೆ ಮುಳುಗಡೆ. ನಾಲೆಯ ತೆಂಗು, ಕಬ್ಬು, ಬಬ್ಬೂರು ಫಾರಂ ಎಲ್ಲರಿಗೂ ಗೊತ್ತು. ಹಿಂದುಗಡೆಯ ನೆಲದ ಕತೆ ಗೊತ್ತಿರೋದು ಕಮ್ಮಿ.

ಇನ್ನು 89 ವರ್ಷ ಯಾಕೆ ತುಂಬಲಿಲ್ಲ? ನನ್ನ ಮಗಳು ಲೆಕ್ಕ ಹಾಕಿ ಕೊಟ್ಟಳು. ಈ ಕಟ್ಟೆಗೆ ನೀರು ಬರುವ ಸೀಮೆ ಒಟ್ಟು 5,374 ಚದರ ಕಿಲೋಮೀಟರ್. ಒಂದೇ ವರ್ಷದಲ್ಲಿ ತುಂಬಬೇಕಾದರೆ ಆ ಸೀಮೆಯ ಮೇಲೆಲ್ಲ ಆರು ಇಂಚು ನೀರು ಇಂಗದೆ, ಆರದೆ ಹರಿದು ಬರಬೇಕು. ನಮ್ಮ ಬಯಲುಸೀಮೆಯಲ್ಲಿ ವರ್ಷದ ಮಳೆಯೇ 24 ಇಂಚಿನ ಆಜುಬಾಜು. ಅದರಲ್ಲಿ ಕಾಲು ಭಾಗ ಹರಿಯೋದು ಅಂದರೆ ಸಾಮಾನ್ಯವೇ? ಜೊತೆಗೆ ಈ ಸೀಮೆ ತುಂಬಾ ಕೆರೆಗಳು. ಸಖರಾಯಪಟ್ಟಣದ ಅಯ್ಯನಕೆರೆ, ಕಡೂರಿನ ಮದಗದಕೆರೆ ಮೇಲೇ ಕೂತು ಮೊದಲ ಗುಟುಕು ಕುಡೀತವೆ. ಅವುಗಳ ಕೆಳಗೆ ಊರೂರಿಗೆ ಕೆರೆ, ಕಟ್ಟೆ. ಎಂಜಿನಿಯರ್ ಸ್ಯಾಂಕಿ 1866ರಲ್ಲೇ ಬರೆದಿದ್ದರು: ಸಂಸ್ಥಾನದ ನೂರಕ್ಕೆ ಅರವತ್ತು ಪಾಲು ನೆಲ ಆಗಲೇ ಕೆರೆಗಳ ಏರ್ಪಾಟಿಗೆ ಸೇರಿದೆ, ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ ಅಂತ. ಈಚೆಗೆ ಚೆಕ್ ಡ್ಯಾಂ, ಕೃಷಿಹೊಂಡ ಬಂದವು. ಬೋರ್‌ವೆಲ್ ಹೆಚ್ಚಾಗಿ ಹಳ್ಳ ಒಣಗಿದವು. ಮೇಲಿನವರನ್ನು ಬೈಯೋಕಾಗಲ್ಲ, ನಾವೂ ನಮ್ಮ ಹೊಲಕ್ಕೆ ಬದು ಹಾಕಿಲ್ಲವೇ?

ನೀರು ಬಾರದ ಆ ವರ್ಷಗಳಲ್ಲೇ ಹಿನ್ನೀರಿನ ಬೇಸಾಯ ಹುಟ್ಟಿಕೊಂಡಿದ್ದು. ದಂಡೆಯ ಇಳಿಜಾರು ಬಲು ಸಣ್ಣದು. ನೀರು ಒಂದಡಿ ಇಳಿದರೆ ಎಕರೆಗಟ್ಟಲೆ ಗೋಡು ಮಣ್ಣು ಬಯಲಾಗುತ್ತೆ. ಅಜ್ಜನ ಕಾಲದಲ್ಲಿ ನೀರು ಸರಿದ ಹಿಂದೆಯೇ ಹೋಗಿ ಕಡಲೆ, ಬಿಳಿಜೋಳ ಬಿತ್ತೋರು. ಗೊಬ್ಬರ ಬೇಡ, ಹಸಿಯಲ್ಲೇ ಬೆಳೆ. ನೀರು ಬಂದರೆ ಹೋಗೋದು ಒಂದು ಸೇರು ಬೀಜ. ನಮ್ಮ ಕಾಲಕ್ಕೆ ಅದು ಈರುಳ್ಳಿ ಆಯಿತು, ಬೋರ್ ಆಯಿತು. ಕೆಲವರು ಅಡಿಕೆಯನ್ನೂ ಇಟ್ಟರು! ಪಹಣಿಯಲ್ಲಿ ನಮ್ಮ ಹೆಸರಿಲ್ಲದ ನೆಲ, ಮುಳುಗಿದಾಗ ಪರಿಹಾರ ಕೇಳೋ ಹಾಗೂ ಇರಲಿಲ್ಲ.

ಗೆರೆ ಎಲ್ಲಿದೆ ಅಂತ ತಿಳಿಯೋಕೆ ಒಂದು ಕಲ್ಲನ್ನೇ ನಂಬಬೇಕಾಗಿಲ್ಲ. ಬರಗಾಲದಲ್ಲಿ ನೀರು ತೀರಾ ಇಳಿದಾಗ ನಡೆದು ನೋಡಿ. ಬೂದಿ ಬಣ್ಣದ ಮಣ್ಣು, ಅದರಲ್ಲಿ ಮಡಕೆ ಚೂರು ಸಿಕ್ಕರೆ ಅದು ಹಾಳೂರು. ಆ ಮಣ್ಣನ್ನು ನಮ್ಮವರು ಗಾಡಿಯಲ್ಲಿ ತುಂಬಿ ರಾಗಿ ಹೊಲಕ್ಕೆ ಹೊಡೀತಿದ್ದರು. ಉದ್ದಕ್ಕೆ ದಿಬ್ಬದ ಹಾಗೆ ಎದ್ದಿದ್ದರೆ ಹಳೇ ಕೆರೆಯ ಏರಿ, ದೊಡ್ಡ ಕೆರೆಯೊಳಗೆ ಮುಳುಗಿದ ಸಣ್ಣ ಕೆರೆ. ನಮ್ಮೂರಿಂದ ಹೊರಟ ಗಾಡಿಜಾಡು ನೆಟ್ಟಗೆ ನೀರಿನೊಳಕ್ಕೆ ಇಳಿಯುತ್ತೆ; ಅದು ಸುತ್ತದೆ ಹೋಗೋದನ್ನು ನೋಡಿದರೇ ಗೊತ್ತಾಗುತ್ತೆ, ಅದನ್ನು ತುಳಿದವರ ಕಾಲಕ್ಕೆ ಅಲ್ಲಿ ನೀರಿರಲಿಲ್ಲ. ಮುದಿ ಹುಣಸೇಮರ ಎಲ್ಲಿಗೆ ನಿಂತವೆ ನೋಡಿ. ನಮ್ಮ ಕಡೆ ಅಜ್ಜನ ಕಲ್ಲಿನ ಕೆಳಗೆ ಜಾಲಿ ಬಿಟ್ಟರೆ ಹಳೇ ಮರ ಒಂದೂ ಇಲ್ಲ. ಇದು ನನಗೆ ಈರುಳ್ಳಿ ಹೋದ ಮೇಲೆ ಹೊಳೆಯಿತು.

ಆಮೇಲೆ ತಾಲ್ಲೂಕು ಸರ್ವೆ ಆಫೀಸಿನಿಂದ ಗ್ರಾಮ ನಕಾಶೆ ತಗೊಳ್ಳಿ. ಅದರಲ್ಲಿ ಹಳೇ ದಾರಿ, ಹಳ್ಳ, ಕೆರೆ ಗುರುತು ಸಿಗುತ್ತವೆ. ಜನ ಇಲ್ಲದ ಊರಿಗೆ ಬೇಚಿರಾಕ್ ಅಂತ ಬರೆದಿರುತ್ತಾರೆ. ದೀಪ ಇಲ್ಲದ ಊರು ಅಂತ ಅರ್ಥವಂತೆ. ಆಕಾರಬಂದಿನಲ್ಲಿ ಖರಾಬು ಎಷ್ಟು ಬಿಟ್ಟಿದ್ದಾರೆ ನೋಡಿದರೆ ನಿಮ್ಮ ಸರ್ವೆ ನಂಬರಿನ ಹಳೇ ಹಣೆಬರಹ ತಿಳಿಯುತ್ತೆ.

ಈಗ ಇನ್ನೊಂದು ಬದಲಾವಣೆ ಬಂದಿದೆ. 2019ರಿಂದ ಅಜ್ಜಂಪುರದ ಸುರಂಗ ದಾಟಿ ಭದ್ರಾ ನೀರೂ ವೇದಾವತಿಗೆ ಸೇರುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮಾರಿಕಣಿವೆಗೆ 2 ಟಿ.ಎಂ.ಸಿ. ಪಾಲು ಇಟ್ಟಿದ್ದಾರೆ. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿತ್ತು. ಮುಂಚೆ ಜನವರಿ ಅಂದರೆ ನೀರು ಇಳಿಯೋ ಕಾಲ, ಕಡಲೆ ಕೀಳೋ ಕಾಲ. ನೀರಿನ ಗೆರೆ ಜೊತೆಗೆ ತಿಂಗಳೂ ಕದಲಿದೆ. ಮಳೆ ನಕ್ಷತ್ರ ನೋಡಿ ಹಿನ್ನೀರಿನ ಬಿತ್ತನೆ ಮಾಡೋ ಅಜ್ಜನ ಲೆಕ್ಕ ಇನ್ನು ನಡೆಯೋದು ಕಷ್ಟ.

ಕಲ್ಲಿನ ಸುತ್ತ ಮಣ್ಣು ಬಿಡಿಸಿ ಸುಣ್ಣ ಬಳಿದಿದ್ದೀನಿ. ಹೊಸ ಶೆಡ್ಡು ಅದಕ್ಕಿಂತ ಎರಡಾಳು ಮೇಲೆ ಎದ್ದಿದೆ. ಕೆಳಗಿನ ಬಯಲಿಗೆ ಹೋದ ವರ್ಷ ನೇಗಿಲು ಇಳಿಸಲಿಲ್ಲ, ಕುರಿ ಬಿಟ್ಟಿದ್ದೆ.