ತಂದೆಯ ಕಾಲದ ಟ್ರ್ಯಾಕ್ಟರನ್ನು ಮಾರುವಾಗ

ಭಾರತದಲ್ಲಿ ಟ್ರ್ಯಾಕ್ಟರು ತಯಾರಿಕೆ ಆರಂಭವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ. ಅನಂತರ ಮ್ಯಾಸಿ ಫರ್ಗುಸನ್, ಇಂಟರ್‌ನ್ಯಾಷನಲ್ ಬಿ-275, ಎಸ್ಕಾರ್ಟ್ಸ್, ಫೋರ್ಡ್, ಎಚ್.ಎಂ.ಟಿ. ಜೆಟರ್, 1974ರಲ್ಲಿ ಸ್ವರಾಜ್ 724 ಹೀಗೆ ಒಂದೊಂದಾಗಿ ಹಳ್ಳಿಗಳನ್ನು ತಲುಪಿದವು. ಅಂದು ಭೂ ಅಭಿವೃದ್ಧಿ ಬ್ಯಾಂಕಿನಲ್ಲಿ ಸಾಲ ತೆಗೆದು ಟ್ರ್ಯಾಕ್ಟರು ತಂದ ರೈತರು ಇಂದು ಎಪ್ಪತ್ತೈದು, ಎಂಬತ್ತು ದಾಟಿದ್ದಾರೆ. ಎಷ್ಟೋ ಮನೆಗಳಲ್ಲಿ ಆ ಗಾಡಿ ಈಗಲೂ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ನಿಂತಿದೆ. ಆಯುಧಪೂಜೆಯ ದಿನ ಅದಕ್ಕೆ ಹೂವು ಕುಂಕುಮ ತಪ್ಪುವುದಿಲ್ಲ. ಮಿಕ್ಕ ದಿನಗಳಲ್ಲಿ ಮಕ್ಕಳು ಮಾರುವ ಮಾತೆತ್ತುತ್ತಾರೆ, ಯಜಮಾನರು ಮಾತು ತಿರುಗಿಸುತ್ತಾರೆ.

ಮಾರಬೇಕೇ ಬೇಡವೇ ಎಂಬುದು ಆಯಾ ಮನೆಯವರು ತೀರ್ಮಾನಿಸಬೇಕಾದ ವಿಷಯ. ಆದರೆ ಮಾರುವುದೆಂದಾದರೆ ಯಜಮಾನರು ಸ್ವತಃ ತಿಳಿದು ಸಹಿ ಹಾಕಬಲ್ಲ ಸ್ಥಿತಿಯಲ್ಲಿರುವಾಗಲೇ ಮಾರುವುದು, ಮತ್ತು ಗಾಡಿಯೊಂದಿಗೆ ದಾಖಲೆಯಲ್ಲಿನ ಹೆಸರನ್ನೂ ದಾಟಿಸುವುದು ಅತ್ಯಗತ್ಯ. ಬೆಲೆಗಾಗಿ ವಾರಗಟ್ಟಲೆ ಚೌಕಾಸಿ ಮಾಡುವ ರೈತರು ಈ ಹೆಸರಿನ ವಿಷಯವನ್ನು ದಲ್ಲಾಳಿಯ ಕೈಗೆ ಬಿಟ್ಟುಬಿಡುತ್ತಾರೆ. ನಷ್ಟವಾಗುವುದು ಹೆಚ್ಚಾಗಿ ಇಲ್ಲಿಯೇ.

ಗಾಡಿಯ ಕೆಲಸ ಮುಗಿದಿದೆಯೇ?

ಯಂತ್ರೋಪಕರಣಗಳ ವೆಚ್ಚ ಲೆಕ್ಕ ಹಾಕುವಾಗ ಟ್ರ್ಯಾಕ್ಟರಿನ ಆಯುಷ್ಯವನ್ನು ಸಾಮಾನ್ಯವಾಗಿ 10 ವರ್ಷ ಅಥವಾ 10,000 ಗಂಟೆ ಎಂದು ಹಿಡಿಯುತ್ತಾರೆ. ಕೊನೆಗೆ ಖರೀದಿ ಬೆಲೆಯ ಹತ್ತನೇ ಒಂದು ಭಾಗ ಉಳಿಯುತ್ತದೆಂದು ಎಣಿಸುತ್ತಾರೆ. ನಲವತ್ತು ವರ್ಷದ ಗಾಡಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರ ಸವಕಳಿ ಎಂದೋ ಮುಗಿದಿದೆ, ಸಾಲದ ಬಡ್ಡಿಯೂ ಇಲ್ಲ. ಉಳಿದಿರುವುದು ಡೀಸೆಲ್, ಎಣ್ಣೆ, ರಿಪೇರಿ ಮತ್ತು ವಿಮೆ ಮಾತ್ರ. ವರ್ಷಕ್ಕೆ ನೂರು ಗಂಟೆ ಗೊಬ್ಬರ ಸಾಗಿಸುವುದಕ್ಕೆ, ತೋಟಕ್ಕೆ ಔಷಧಿ ಹೊಡೆಯುವುದಕ್ಕೆ, ಒಂದೆರಡು ಸಾಲು ಕಲ್ಟಿವೇಟರ್ ಆಡಿಸುವುದಕ್ಕೆ ಅದು ಒದಗುತ್ತಿದ್ದರೆ, ಹೊಸದಕ್ಕಿಂತ ಅಗ್ಗವೇ. ಆದರೆ ರೋಟವೇಟರ್ ಓಡಿಸುವ ಆಸೆಯಿಂದ 25 ಅಶ್ವಶಕ್ತಿಯ ಹಳೆಯ ಜೆಟರನ್ನು ಹಿಂಸಿಸುವುದರಲ್ಲಿ ಅರ್ಥವಿಲ್ಲ. ಹಳೆಯ ಮಾದರಿಗಳು ಹಲವುದರಲ್ಲಿ ಕ್ಲಚ್ ತುಳಿದೊಡನೆ ಪಿ.ಟಿ.ಓ. ಸಹ ನಿಲ್ಲುತ್ತದೆ, ಇಂದಿನ ಉಪಕರಣಗಳಿಗೆ ಅದು ಒಗ್ಗುವುದಿಲ್ಲ.

ಕಳೆದ ಎರಡು ವರ್ಷಗಳಲ್ಲಿ ಗಾಡಿ ಎಷ್ಟು ದಿನ ಹೊರಟಿತು, ರಿಪೇರಿಗೆ ಎಷ್ಟು ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಅಷ್ಟೇ ಕೆಲಸವನ್ನು ಊರಿನ ಬಾಡಿಗೆ ಟ್ರ್ಯಾಕ್ಟರಿನಿಂದಲೋ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಮಾಡಿಸಿದ್ದರೆ ಆಗುತ್ತಿದ್ದ ಖರ್ಚನ್ನು ಪಕ್ಕದಲ್ಲಿ ಬರೆಯಬೇಕು. ಈ ಹಾಳೆಯನ್ನು ಯಜಮಾನರ ಮುಂದಿಟ್ಟುಕೊಂಡು ಮಾತನಾಡಿದರೆ, "ಹಳೇ ಗುಜರಿ" ಎಂದು ಮಗ ಆಡಿ ತಂದೆ ನೊಂದುಕೊಳ್ಳುವ ಪ್ರಸಂಗ ತಪ್ಪುತ್ತದೆ.

ಇನ್ನೊಂದು ವಿಷಯವನ್ನು ಮಾರಾಟದಿಂದ ಬೇರೆಯಾಗಿ ನೋಡಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಡಿ ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಇಲ್ಲ. ಬದುವಿನ ಅಂಚಿನಲ್ಲಿ ಚಕ್ರ ಜಾರಿದರೆ, ಹೂತುಹೋದ ಟ್ರೇಲರನ್ನು ಕೊಂಡಿಗಿಂತ ಎತ್ತರದಲ್ಲಿ ಸರಪಳಿ ಕಟ್ಟಿ ಎಳೆದರೆ, ಗಾಡಿ ಮಗುಚುತ್ತದೆ ಅಥವಾ ಮುಂಭಾಗವೆದ್ದು ಹಿಂದಕ್ಕೆ ಬೀಳುತ್ತದೆ. ಕಣ್ಣು ಮಂಜಾದ, ಕ್ಲಚ್ ತುಳಿಯಲು ಮೊಣಕಾಲು ಒಪ್ಪದ ಹಿರಿಯರು ಓಡಿಸುವುದನ್ನು ಮೊದಲು ನಿಲ್ಲಿಸಬೇಕು. ಮಾರಾಟದ ಮಾತು ಆರು ತಿಂಗಳು ತಡವಾದರೂ ಚಿಂತೆಯಿಲ್ಲ.

ಹೆಸರು ಬದಲಾಗದಿದ್ದರೆ

ಹಳ್ಳಿಗಳಲ್ಲಿ ಬಹುಪಾಲು ಹಳೆಯ ಟ್ರ್ಯಾಕ್ಟರುಗಳು ಛಾಪಾ ಕಾಗದದ ಕರಾರಿನ ಮೇಲೆ ಕೈ ಬದಲಾಯಿಸುತ್ತವೆ. ಹಣ ಎಣಿಸಿಕೊಂಡು, ಸಾಕ್ಷಿಗಳ ಸಹಿಯಾಗಿ, ಹಳೆಯ ಆರ್.ಸಿ. ಪುಸ್ತಕವನ್ನು ಕೊಟ್ಟುಬಿಟ್ಟರೆ ವ್ಯವಹಾರ ಮುಗಿಯಿತೆಂದು ಎರಡೂ ಕಡೆಯವರು ತಿಳಿಯುತ್ತಾರೆ. ಆದರೆ ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಯಲ್ಲಿ ಮಾಲೀಕರು ಇನ್ನೂ ಆ ಎಂಬತ್ತು ವರ್ಷದ ಯಜಮಾನರೇ. ಕೊಂಡವನು ಮತ್ತೊಬ್ಬನಿಗೆ, ಅವನು ಮಗದೊಬ್ಬನಿಗೆ ಮಾರಿ, ಮೂರನೆಯವನ ಕೈಯಲ್ಲಿ ಟ್ರ್ಯಾಕ್ಟರು ರಸ್ತೆಯಲ್ಲಿ ಯಾರಿಗೋ ಬಡಿದರೆ ನೋಟೀಸು ಬರುವುದು ಇವರ ಮನೆಗೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಆ ಪ್ರಕರಣದಲ್ಲಿಯೂ ವಾಹನ ಹಲವು ಕೈ ದಾಟಿತ್ತು. ವಿಮೆ ಚಾಲ್ತಿಯಲ್ಲಿದ್ದರೆ ವಿಮಾ ಕಂಪನಿ ಹಣ ಕಟ್ಟೀತು. ಹಳೆಯ ಟ್ರ್ಯಾಕ್ಟರುಗಳ ವಿಮೆ ಎಷ್ಟೋ ಕಡೆ ಹತ್ತು ವರ್ಷದಿಂದ ಕಟ್ಟಿರುವುದಿಲ್ಲ. ಆಗ ಪರಿಹಾರದ ಹಣಕ್ಕೆ ಯಜಮಾನರ ಜಮೀನಿನ ಮೇಲೆಯೇ ಕಣ್ಣು ಬೀಳುತ್ತದೆ.

ಆದುದರಿಂದ ವರ್ಗಾವಣೆಯನ್ನು ಕ್ರಮಪ್ರಕಾರ ಮಾಡಿಸಬೇಕು. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು. ಇದಕ್ಕೆ ನಮೂನೆ 29 ಮತ್ತು ನಮೂನೆ 30 ಇವೆ. ನಮೂನೆ 30ರಲ್ಲಿ ಮಾರಿದವರ ಭಾಗ, ಕೊಂಡವರ ಭಾಗ ಬೇರೆ ಬೇರೆ; ಎರಡಕ್ಕೂ ಸಹಿ ಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಖಾಲಿ ನಮೂನೆಗೆ ಸಹಿ ಹಾಕಿ ದಲ್ಲಾಳಿಗೆ ಕೊಡುವ ಪದ್ಧತಿ ಎಲ್ಲೆಡೆ ಇದ್ದರೂ ಅದು ತಕ್ಕುದಲ್ಲ. ಟ್ರ್ಯಾಕ್ಟರು ಬೇರೆ ರಾಜ್ಯಕ್ಕೆ ಹೋಗುವುದಾದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಇರುವುದರಿಂದ ಅದನ್ನೂ ಮಾರಿದರೆ ಅದರ ವರ್ಗಾವಣೆ ಬೇರೆಯಾಗಿಯೇ ಆಗಬೇಕು. ಇದನ್ನು ಮರೆಯುವವರೇ ಹೆಚ್ಚು.

ಇಷ್ಟಾಗುವ ಮೊದಲು ಹಳೆಯ ಗಂಟುಗಳು ಕೆಲವನ್ನು ಬಿಡಿಸಬೇಕಾಗುತ್ತದೆ. ಬ್ಯಾಂಕಿನ ಸಾಲ ತೀರಿ ಮೂವತ್ತು ವರ್ಷವಾಗಿದ್ದರೂ ಆರ್.ಸಿ.ಯಲ್ಲಿ ಅಡಮಾನದ ನಮೂದು ಹಾಗೆಯೇ ಉಳಿದಿರುತ್ತದೆ. ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು, ನಮೂನೆ 35ಕ್ಕೆ ಬ್ಯಾಂಕಿನ ಸಹಿ ಮಾಡಿಸಿ ಅದನ್ನು ತೆಗೆಸಬೇಕು. ಕೃಷಿ ಟ್ರ್ಯಾಕ್ಟರಿನ ನೋಂದಣಿ ಮೊದಲು 15 ವರ್ಷಕ್ಕೆ, ಬಳಿಕ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಹದಿನೈದು ವರ್ಷ ದಾಟಿದ ಟ್ರ್ಯಾಕ್ಟರನ್ನು ಗುಜರಿಗೆ ಹಾಕಲೇಬೇಕೆಂಬ ಸುದ್ದಿ ಆಗಾಗ ಹಬ್ಬುತ್ತದೆ, ಅದನ್ನು ಹೇಳಿ ಬೆಲೆ ಇಳಿಸುವವರೂ ಇದ್ದಾರೆ. ರಾಜ್ಯದ ರೈತರ ಟ್ರ್ಯಾಕ್ಟರಿಗೆ ಅಂಥ ವಯೋಮಿತಿ ಇಲ್ಲ. ಕೆ.ಎ. ಸರಣಿ ಬರುವುದಕ್ಕೆ ಮುಂಚಿನ ಸಂಖ್ಯೆಯ ಗಾಡಿಗಳ ವಿವರ ಕಚೇರಿಯ ಗಣಕಯಂತ್ರಕ್ಕೆ ಏರಿರದೆ ಇರಬಹುದು. ಮೂಲ ಪುಸ್ತಕ ತೋರಿಸಿ ಮೊದಲು ಅದನ್ನು ಏರಿಸಬೇಕು. ಪುಸ್ತಕದಲ್ಲಿ ಬಸಪ್ಪ ಎಂದಿದ್ದು ಆಧಾರ್ ಚೀಟಿಯಲ್ಲಿ ಬಸವರಾಜಪ್ಪ ಎಂದಿದ್ದರೂ ಅರ್ಜಿ ನಿಲ್ಲುತ್ತದೆ. ಆರ್.ಸಿ.ಯಲ್ಲಿರುವ ಚಾಸಿಸ್ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ಎಂದೋ ಇಂಜಿನ್ನೇ ಬದಲಾಗಿದ್ದು ಮನೆಯವರಿಗೆ ನೆನಪೇ ಇಲ್ಲದ ಉದಾಹರಣೆಗಳುಂಟು. ಈ ಕೆಲಸಗಳಿಗೆ ತಿಂಗಳುಗಳು ಹಿಡಿಯುವುದರಿಂದ ಗಿರಾಕಿ ಬಂದ ಮೇಲೆ ಶುರು ಮಾಡಿದರೆ ಗಿರಾಕಿ ಕಾಯುವುದಿಲ್ಲ.

ಯಜಮಾನರು ತೀರಿಕೊಂಡ ಮೇಲಿನ ದಾರಿ ಇನ್ನೂ ಉದ್ದ. ಮರಣದ ವಿಷಯವನ್ನು 30 ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ಮಾರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಹಕ್ಕುದಾರರು. ಒಬ್ಬ ಮಗಳು ದೂರದ ಊರಿನಲ್ಲಿದ್ದರೂ ಆಕೆಯ ಒಪ್ಪಿಗೆ ಬೇಕು. 2021ರಿಂದ ಆರ್.ಸಿ.ಯಲ್ಲಿ ನಾಮನಿರ್ದೇಶನ ಮಾಡಲು ಅವಕಾಶವಿದೆ. ಸದ್ಯಕ್ಕೆ ಮಾರುವುದಿಲ್ಲ ಎನ್ನುವ ಮನೆಯವರು ಇದನ್ನಾದರೂ ಮಾಡಿಸಿಡಬೇಕು. ಯಜಮಾನರಿಗೆ ಮರೆವಿನ ಕಾಯಿಲೆ ಆರಂಭವಾಗಿದ್ದರೆ ವಿಷಯ ಸೂಕ್ಷ್ಮ. ಏನೆಂದು ತಿಳಿಯದ ಸ್ಥಿತಿಯಲ್ಲಿ ಹಾಕಿದ ಸಹಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ ಮಗನ ಮೇಲೆ ಅಣ್ಣತಮ್ಮಂದಿರೇ ದೂರು ಹೇಳಬಹುದು. ಮುಖ್ತ್ಯಾರ್‌ನಾಮೆ ಬರೆಸಿಕೊಂಡಿದ್ದರೂ ಅದು ಬರೆದುಕೊಟ್ಟವರ ಮರಣದೊಂದಿಗೆ ಮುಗಿಯುತ್ತದೆ.

ಬೆಲೆ ಕಟ್ಟುವುದು

ಹಳೆಯ ಟ್ರ್ಯಾಕ್ಟರಿಗೆ ಗೊತ್ತಾದ ಬೆಲೆಪಟ್ಟಿ ಇಲ್ಲ. ಗುಜರಿಯವನು ತೂಕ ನೋಡುತ್ತಾನೆ. 35 ಅಶ್ವಶಕ್ತಿಯ ಗಾಡಿ ಸುಮಾರು ಒಂದೂವರೆಯಿಂದ ಎರಡು ಟನ್ನು ತೂಗುತ್ತದೆ. ಆ ತೂಕದ ಬೆಲೆಯನ್ನು ಕೆಳಗಿನ ಮಿತಿಯೆಂದು ತಿಳಿದರೆ ಸಾಕು. ಮೇಲಿನ ಮಿತಿ ತಿಳಿಯಲು ಸುತ್ತಲಿನ ಊರುಗಳಲ್ಲಿ ಅದೇ ಮಾದರಿ ಕಳೆದ ವರ್ಷದಲ್ಲಿ ಎಷ್ಟಕ್ಕೆ ಹೋಯಿತೆಂದು ಎರಡು ಮೂರು ಕಡೆ ವಿಚಾರಿಸಬೇಕು. ಹೇಳಿದ ಬೆಲೆಯಲ್ಲ, ಕೈಗೆ ಬಂದ ಹಣ ಎಷ್ಟೆಂದು ಕೇಳಬೇಕು. ನಡುವಿನ ಬೆಲೆಯನ್ನು ತೀರ್ಮಾನಿಸುವುದು ಗಾಡಿಯ ಸ್ಥಿತಿ.

ಅದನ್ನು ಮನೆಯವರೇ ಪರೀಕ್ಷಿಸಬಹುದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಚಾಲೂ ಮಾಡಬೇಕು. ಮೊದಲ ನಿಮಿಷದ ಬಿಳಿ ಹೊಗೆಗೆ ಹೆದರಬೇಕಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಬಂದರೆ ರಿಂಗು, ಲೈನರುಗಳು ಸವೆದಿವೆ. ಕಪ್ಪು ಹೊಗೆಗೆ ಎಷ್ಟೋ ಸಲ ಕಾರಣ ಏರ್ ಕ್ಲೀನರಿನಲ್ಲಿ ಕಟ್ಟಿದ ಕೆಸರು, ಅದು ತೊಳೆದರೆ ಹೋಗುತ್ತದೆ. ಎಣ್ಣೆಯ ಕಡ್ಡಿಯಲ್ಲಿ ಮಜ್ಜಿಗೆಯ ಬಣ್ಣ ಕಂಡರೆ ನೀರು ಸೇರಿದೆ. ನೇಗಿಲನ್ನು ಹೈಡ್ರಾಲಿಕ್‌ನಿಂದ ಎತ್ತಿ ಇಂಜಿನ್ ನಿಲ್ಲಿಸಿ ನೋಡಬೇಕು. ಸ್ವಲ್ಪ ಹೊತ್ತಿನಲ್ಲೇ ನೆಲ ಮುಟ್ಟಿದರೆ ಲಿಫ್ಟಿನ ಕೆಲಸ ಬಾಕಿ ಇದೆ. ಮುಂದಿನ ಚಕ್ರವನ್ನು ಜಾಕಿಯ ಮೇಲೆತ್ತಿ ಅಲುಗಾಡಿಸಿದರೆ ಬುಷ್, ಬೇರಿಂಗುಗಳ ಗತಿ ತಿಳಿಯುತ್ತದೆ. ಎಲ್ಲಕ್ಕಿಂತ ಮೊದಲು ಗಿರಾಕಿ ನೋಡುವುದು ಹಿಂದಿನ ಎರಡು ಟೈರುಗಳನ್ನು, ಏಕೆಂದರೆ ಹಳೆಯ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಅವುಗಳದೇ.

ಮಾರುವುದಕ್ಕೆಂದೇ ಬೋರ್ ಕೆಲಸ ಮಾಡಿಸುವುದು ಲಾಭದಾಯಕವಲ್ಲ. ಹಾಕಿದ ಹಣ ಹಿಂದಿರುಗುವುದು ಅಪರೂಪ. ಎಣ್ಣೆ, ಫಿಲ್ಟರು ಬದಲಿಸಿ, ಸೋರುವ ಕಡೆ ವಾಷರು ಹಾಕಿ, ಬ್ಯಾಟರಿ ಸರಿಪಡಿಸಿದರೆ ಸಾಕು. ಹೊಸ ಬಣ್ಣ ಬಳಿಸಬಾರದು. ಬಣ್ಣ ಕಂಡೊಡನೆ ಅನುಭವಿ ಗಿರಾಕಿ ಏನನ್ನೋ ಮುಚ್ಚಿದ್ದಾರೆಂದು ಶಂಕಿಸುತ್ತಾನೆ. ಹಳೆಯ ಗಾಡಿಗಳನ್ನು ಹವ್ಯಾಸಕ್ಕಾಗಿ ಕೊಳ್ಳುವ ಕೆಲವೇ ಮಂದಿಯೂ ಮೂಲ ಬಣ್ಣ, ಬಾನೆಟ್ಟಿನ ಮೇಲಿನ ಹೆಸರುಪಟ್ಟಿ, ಹಳೆಯ ಖರೀದಿ ರಸೀತಿ ಇವುಗಳಿಗೇ ಬೆಲೆ ಕೊಡುತ್ತಾರೆ. ಎಚ್.ಎಂ.ಟಿ. ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದ್ದರಿಂದ ಅಂಥ ಗಾಡಿಗಳ ಗಿರಾಕಿ ಬಿಡಿಭಾಗದ ಪ್ರಶ್ನೆ ಎತ್ತುತ್ತಾನೆ. ಮನೆಯಲ್ಲಿ ತೆಗೆದಿಟ್ಟ ಹಳೆಯ ಭಾಗಗಳಿದ್ದರೆ ಜೊತೆಗೆ ಕೊಡುವುದು ಒಳ್ಳೆಯದು.

ಹೊಸ ಟ್ರ್ಯಾಕ್ಟರಿಗೆ ಬದಲಿಯಾಗಿ ಹಳೆಯದನ್ನು ಕೊಡುವಾಗ ಒಂದು ಲೆಕ್ಕವಿದೆ. ಉದಾಹರಣೆಗೆ ಹೊಸ ಗಾಡಿಯ ಬೆಲೆ 7,00,000 ರೂಪಾಯಿ, ನಗದಾಗಿ ಕೊಂಡರೆ 40,000 ರಿಯಾಯಿತಿ ಎನ್ನೋಣ. ಹಳೆಯದಕ್ಕೆ 1,20,000 ಕೊಡುತ್ತೇವೆ, ಆದರೆ ಆಗ ರಿಯಾಯಿತಿ ಇಲ್ಲ ಎಂದು ಮಾರಾಟಗಾರರು ಹೇಳಿದರೆ, ಹಳೆಯ ಗಾಡಿಗೆ ಸಿಕ್ಕಿದ ನಿಜವಾದ ಬೆಲೆ 80,000 ಮಾತ್ರ. ಕೈಯಿಂದ ಕೊಡಬೇಕಾದ ಹಣ ಎರಡೂ ರೀತಿಯಲ್ಲಿ ಎಷ್ಟೆಂದು ಕೇಳಿ ಹೋಲಿಸಬೇಕು. ಬದಲಿಗೆ ಕೊಟ್ಟ ಗಾಡಿಗೂ ಹೆಸರಿನ ವರ್ಗಾವಣೆ ತಪ್ಪದು. ಮುಂಗಾರಿಗೆ ಮುಂಚೆ, ಯುಗಾದಿಯ ಆಸುಪಾಸಿನಲ್ಲಿ ಗಿರಾಕಿಗಳು ಹೆಚ್ಚು. ಮಳೆಗಾಲದ ನಡುವೆ ಕೈಯಲ್ಲಿ ಹಣವಿದ್ದವರು ಕಡಿಮೆ.

ಗುಜರಿಗೇ ಹಾಕುವುದಾದರೆ ಅದನ್ನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಆರ್.ಸಿ. ಒಪ್ಪಿಸಿ, ನೋಂದಣಿ ರದ್ದು ಮಾಡಿಸಬೇಕು. ಇಲ್ಲವಾದರೆ ಬಿಚ್ಚಿಹೋದ ಟ್ರ್ಯಾಕ್ಟರಿನ ಸಂಖ್ಯೆ ಇನ್ನೊಂದು ಗಾಡಿಯ ಮೇಲೆ ಓಡಾಡೀತು.

ಯಾರಿಗೆ ಕೊಡಬೇಕೆಂಬ ಮಾತನ್ನು ಯಜಮಾನರಿಗೇ ಬಿಡುವುದು ಒಳ್ಳೆಯದು. "ಯಾರ ಮನೆಗೆ ಹೋಗುತ್ತೆ?" ಎಂದು ಅವರು ಕೇಳಿಯೇ ಕೇಳುತ್ತಾರೆ. ಬಿಚ್ಚಿ ಮಾರುವವನಿಗಿಂತ ಐದು ಸಾವಿರ ಕಡಿಮೆ ಕೊಟ್ಟು ಹೊಲದಲ್ಲೇ ಓಡಿಸುವ ಸಣ್ಣ ರೈತನಿಗೆ ಕೊಡಲು ಅವರು ಇಷ್ಟಪಟ್ಟರೆ ಮಕ್ಕಳು ಅಡ್ಡಿಮಾಡಬೇಕಾಗಿಲ್ಲ, ಗಾಡಿ ಅವರದು. ಅಂಥ ಗಿರಾಕಿಯ ವಿಳಾಸ ಗೊತ್ತಿರುವುದರಿಂದ ವರ್ಗಾವಣೆಯ ಬೆನ್ನು ಹತ್ತುವುದೂ ಸುಲಭ. ಗಾಡಿ ಮನೆ ಬಿಡುವ ದಿನ ತಾರೀಕು, ಗಂಟೆ ಬರೆದ ಚೀಟಿಗೆ ಕೊಂಡವರ ಸಹಿ ಪಡೆದು, ಅವರ ಗುರುತಿನ ಚೀಟಿಯ ನಕಲು, ಸಹಿಯಾದ ನಮೂನೆಗಳ ನಕಲುಗಳನ್ನು ಇಟ್ಟುಕೊಳ್ಳಬೇಕು. ಬೆಲೆಯಲ್ಲಿ ಒಂದು ಪಾಲನ್ನು, ಹೊಸ ಹೆಸರಿನ ಆರ್.ಸಿ. ಬಂದ ಮೇಲೆ ಕೊಡತಕ್ಕದ್ದೆಂದು ಉಳಿಸಿಕೊಂಡರೆ ಕೊಂಡವರು ಕಚೇರಿಗೆ ಹೋಗಲು ತಡಮಾಡುವುದಿಲ್ಲ.