ಬಾತುಕೋಳಿಯ ಕೆಂಪು, ಗೋಬಿಯ ಕೆಂಪು

ನಂಜನಗೂಡಿನಲ್ಲಿ ನಿಂತು ‘ಇಲ್ಲಿ ಚೈನೀಸ್ ಎಲ್ಲಿ ಸಿಗುತ್ತೆ?’ ಅಂತ ಕೇಳಿದರೆ ಜನ ಮೊದಲು ತೋರಿಸೋದು ಹೋಟೆಲ್ ಅಲ್ಲ, ಗಾಡಿ. ಗೋಬಿ ಮಂಚೂರಿ, ನೂಡಲ್ಸ್, ಎಗ್ ರೈಸ್. ನಮ್ಮ ಪಾಲಿಗೆ ಚೀನಾ ಅಂದರೆ ಇಷ್ಟೇ. ನಮ್ಮ ಗುಂಪಿನಲ್ಲಿ ಕೆಲವರು ನಂಜನಗೂಡಿನವರು, ಕೆಲವರು ಟಿ. ನರಸೀಪುರದವರು, ಎಲ್ಲರೂ ದಿನಾ ಮೈಸೂರಿಗೆ ಓಡಾಡೋರು. ವಾಪಸ್ ಬಂದು ಬಸ್ ಇಳಿದ ಮೇಲೆ, ಮನೆಗೆ ಹೋಗೋಕೆ ಮುಂಚೆ ಒಂದು ಪ್ಲೇಟ್ ಗೋಬಿ ಅನ್ನೋದು ನಮ್ಮ ಟೈಮ್‌ಟೇಬಲ್‌ನಲ್ಲೇ ಇದೆ ಅನ್ನಬಹುದು.

ಯೂಟ್ಯೂಬಿನಲ್ಲಿ ಊಟದ ವಿಡಿಯೋ ನೋಡುವವರಿಗೆ ಇನ್ನೊಂದು ಚೀನಾ ಗೊತ್ತಿರುತ್ತೆ. ಹಾಂಗ್‌ಕಾಂಗ್‌ನಲ್ಲೋ, ಲಂಡನ್ನಿನ ಹೊರವಲಯದಲ್ಲೋ ಎಂಟ್ಹತ್ತು ಟೇಬಲ್ಲಿನ ಒಂದು ಸಣ್ಣ ಹೋಟೆಲು. ಗಾಜಿನ ಹಿಂದೆ ಕೊಕ್ಕೆಗೆ ನೇತುಹಾಕಿದ ಬಾತುಕೋಳಿಗಳು. ಪಾಲಿಶ್ ಮಾಡಿದ ತೇಗದ ಬಾಗಿಲಿನ ಹಾಗೆ ಹೊಳೆಯುವ ಕೆಂಗಂದು ಚರ್ಮ. ನಮ್ಮ ವಾಟ್ಸಾಪ್ ಗುಂಪಿಗೆ ಅಂಥದ್ದೊಂದು ವಿಡಿಯೋ ಬಂದಾಗ ಬಿದ್ದ ಮೊದಲ ಕಾಮೆಂಟ್: ‘ಕಲರ್ ಹಾಕಿರ್ತಾರೆ ಬಿಡೋ, ನಮ್ ಗೋಬಿ ಥರಾನೇ.’ ಈ ಲೇಖನ ಆ ಕಾಮೆಂಟಿಗೆ ಉತ್ತರ.

ಬಾತುಕೋಳಿಗೆ ಸಾಮಾನ್ಯವಾಗಿ ಕಲರ್ ಹಾಕಿರಲ್ಲ. (ಚಾರ್ ಸಿಯು ಅನ್ನೋ ಹಂದಿಮಾಂಸಕ್ಕೆ ಕೆಲವರು ಕೆಂಪು ಬಣ್ಣ ಸೇರಿಸೋದುಂಟು, ಅದು ಬೇರೆ.) ಆ ಬಣ್ಣ ಬರೋದು ಕೆಲಸದಿಂದ. ಕ್ಯಾಂಟನ್ ಕಡೆಯ ಕ್ರಮದಲ್ಲಿ ಮೊದಲು ಬಾತಿನ ಹೊಟ್ಟೆಯೊಳಗೆ ಸೋಯಾ ಸಾಸ್, ಶುಂಠಿ, ಬೆಳ್ಳುಳ್ಳಿ, ಚಕ್ರಮೊಗ್ಗು ಇತ್ಯಾದಿ ತುಂಬಿ ಹೊಲಿಯುತ್ತಾರೆ. ಆಮೇಲೆ ಸೈಕಲ್ ಟ್ಯೂಬಿಗೆ ಹೊಡೆದ ಹಾಗೆ ಚರ್ಮದ ಕೆಳಗೆ ಗಾಳಿ ತುಂಬುತ್ತಾರೆ. ಚರ್ಮ ಬಿಟ್ಟುಕೊಂಡರೆ ಕೆಳಗಿನ ಕೊಬ್ಬು ಕರಗಿ ಇಳಿದುಹೋಗೋಕೆ ದಾರಿಯಾಗುತ್ತೆ. ನಂತರ ಮೇಲಿಂದ ಕುದಿಯುವ ನೀರು ಸುರಿದರೆ ಚರ್ಮ ಬಿಗಿಯಾಗುತ್ತೆ. ಅದರ ಮೇಲೆ ಮಾಲ್ಟೋಸ್ ಪಾಕ ಮತ್ತು ವಿನೆಗರ್ ಬಳಿದು ಗಂಟೆಗಟ್ಟಲೆ, ಕೆಲವರು ರಾತ್ರಿಯಿಡೀ, ಗಾಳಿಗೆ ನೇತುಹಾಕಿ ಒಣಗಿಸುತ್ತಾರೆ. ಒಲೆಗೆ ಹೋಗೋದು ಎಲ್ಲಕ್ಕಿಂತ ಕೊನೆಗೆ. ಬೀಜಿಂಗಿನ ಬಾತು ಇನ್ನೊಂದು ಸಂಪ್ರದಾಯ. ಅಲ್ಲಿನ ಕ್ವಾನ್‌ಜೂದೆ ಅನ್ನೋ ಹೋಟೆಲು 1864ರಿಂದ ನಡೀತಾ ಇದೆ, ಹಣ್ಣಿನ ಮರದ ಸೌದೆ ಹಾಕಿದ ಒಲೆಯೊಳಗೆ ಬಾತು ನೇತುಹಾಕಿ ಸುಡೋದಕ್ಕೆ ಹೆಸರುವಾಸಿ.

ಇಷ್ಟರಲ್ಲಿ ನಮಗೆ ತುಂಬಾ ಇಷ್ಟವಾಗಿದ್ದು ಒಣಗಿಸೋ ಹಂತ. ಒದ್ದೆ ಇರುವ ಮೇಲ್ಮೈ ಎಷ್ಟು ಬೆಂಕಿ ಕೊಟ್ಟರೂ 100 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ನಿಂತುಬಿಡುತ್ತೆ, ಯಾಕಂದರೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡೋಕೆ ಖರ್ಚಾಗುತ್ತೆ. ಕಂದು ಬಣ್ಣ ಚೆನ್ನಾಗಿ ಬರಬೇಕಾದರೆ ಸುಮಾರು 140 ಡಿಗ್ರಿ ದಾಟಬೇಕು. ಅಲ್ಲಿ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಸೇರಿ ನೂರಾರು ಹೊಸ ಪದಾರ್ಥಗಳಾಗುತ್ತವೆ. ಬಣ್ಣವೂ ಅವೇ, ಘಮವೂ ಅವೇ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಮೈಯಾರ್ ಕ್ರಿಯೆ ಅಂತ ಹೆಸರು. ದೋಸೆಯ ತಳ ಕಂದಾಗೋದೂ ಇದರಿಂದಲೇ, ಕಾಫಿ ಬೀಜ ಹುರಿದಾಗ ಬರೋ ವಾಸನೆಯಲ್ಲೂ ಇದರ ಪಾಲು ದೊಡ್ಡದು. ಅಂದರೆ ಬಾತಿನ ಬಣ್ಣ ಅದರ ರುಚಿಯ ಗುರುತು. ಬಣ್ಣ ಸರಿ ಬಂದಿಲ್ಲ ಅಂದರೆ ರುಚಿಯೂ ಬಂದಿಲ್ಲ ಅಂತಲೇ.

ಬಾತು ನಮ್ಮ ಕಡೆಗೆ ಹೊಸದೇನಲ್ಲ. ಟಿ. ನರಸೀಪುರದ ಕಡೆ ಕೊಯ್ಲಾದ ಗದ್ದೆಗಳಲ್ಲಿ ಬಾತುಕೋಳಿ ಹಿಂಡು ಮೇಯಿಸೋರನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಆದರೆ ಅದನ್ನು ತಿನ್ನೋ ರೂಢಿ ನಮ್ಮ ಮನೆಗಳಲ್ಲಿ ಕಮ್ಮಿ. ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋದರೆ ‘ಡಕ್ ರೋಸ್ಟ್’ ಸಿಗುತ್ತೆ, ಅದು ಮಸಾಲೆಯಲ್ಲಿ ಬೇಯಿಸಿದ್ದು, ಒಲೆಯಲ್ಲಿ ನೇತುಹಾಕಿದ್ದಲ್ಲ. ಇನ್ನು ಚೀನಾ, ಮಂಗೋಲಿಯಾ ಕಡೆಯಿಂದ ನಿಜವಾಗಿಯೂ ನಮ್ಮ ತಾಲ್ಲೂಕಿಗೆ ಬರೋದು ಹದಿನಾರು ಕೆರೆಯ ಪಟ್ಟೆತಲೆ ಹೆಬ್ಬಾತುಗಳು. ಚಳಿಗಾಲದಲ್ಲಿ ಹೋಗಿ ನೋಡಿ. ನೋಡೋಕೆ ಮಾತ್ರ!

ಈಗ ಗೋಬಿಗೆ ಬರೋಣ. ಮಂಚೂರಿಯನ್ ಹುಟ್ಟಿದ್ದು ಮಂಚೂರಿಯಾದಲ್ಲಲ್ಲ, ಮುಂಬೈಯಲ್ಲಿ. ಕೋಲ್ಕತ್ತದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರು 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಗರಂ ಮಸಾಲೆ ಬದಲು ಸೋಯಾ ಸಾಸ್, ಕಾರ್ನ್‌ಫ್ಲೋರ್ ಹಾಕಿ ಚಿಕನ್ ಮಂಚೂರಿಯನ್ ಮಾಡಿದರು ಅನ್ನೋದು ಎಲ್ಲರೂ ಹೇಳುವ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂತು, ಕರ್ನಾಟಕದ ಬೀದಿಗಳಲ್ಲಿ ಹೆಸರು ‘ಮಂಚೂರಿ’ ಆಯಿತು. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಮಟ್ಟಿಗೆ ಇದು ಅಪ್ಪಟ ಕರ್ನಾಟಕದ ತಿಂಡಿ.

ತೊಂದರೆ ಇರೋದು ಆ ಕೆಂಪಿನಲ್ಲಿ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ಬಳಸುವಂತಿಲ್ಲ ಅಂತ ಪ್ರಕಟಿಸಿದರು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಇತ್ತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಇದೇ ನಿಯಮ ಬಂತು. ಉಲ್ಲಂಘಿಸಿದರೆ ಏಳು ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಅಂತ ಎಚ್ಚರಿಕೆ ಕೊಟ್ಟರು.

ಆಗ ಹರಿದಾಡಿದ ‘ಗೋಬಿ ತಿಂದರೆ ಕ್ಯಾನ್ಸರ್’ ಮೆಸೇಜುಗಳನ್ನು ನಾವು ಹಾಗೇ ಫಾರ್ವರ್ಡ್ ಮಾಡಲ್ಲ. ಆಹಾರದಲ್ಲಿ ಎಲ್ಲೂ ಹಾಕಬಾರದ ರೋಡಮಿನ್-ಬಿ ಸಿಕ್ಕಿದ್ದು ಕಾಟನ್ ಕ್ಯಾಂಡಿಯಲ್ಲಿ. ಗೋಬಿಯಲ್ಲಿ ಸಿಕ್ಕ ಮೂರೂ ಬಣ್ಣಗಳನ್ನು ಬೇರೆ ಕೆಲವು ತಿನಿಸುಗಳಿಗೆ ಕಾನೂನೇ ಒಪ್ಪುತ್ತದೆ, ಹೆಚ್ಚಿನವುಗಳಲ್ಲಿ ಕೆಜಿಗೆ 100 ಮಿಲಿಗ್ರಾಂ ಮಿತಿಯೊಳಗೆ. ಗೋಬಿ ಆ ಪಟ್ಟಿಯಲ್ಲಿಲ್ಲ. ಹಾಗಂತ ಇವು ಏನೂ ಮಾಡಲ್ಲ ಅಂತಲೂ ಅಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಇಂಥ ಬಣ್ಣಗಳ ಮಿಶ್ರಣ ಕುಡಿದ ಮಕ್ಕಳಲ್ಲಿ ಚಡಪಡಿಕೆ ಹೆಚ್ಚಾಗಿದ್ದು ಕಂಡುಬಂತು. 2010ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಆರು ಬಣ್ಣಗಳಿಗೆ ಎಚ್ಚರಿಕೆಯ ಲೇಬಲ್ ಕಡ್ಡಾಯ. ನಮ್ಮ ಮೂರೂ ಆ ಆರರಲ್ಲಿವೆ.

ಗಾಡಿಯಲ್ಲಿ ತಕ್ಕಡಿ ಇಟ್ಟು ಬಣ್ಣ ತೂಗೋರು ಯಾರು? ಒಂದು ಲೆಕ್ಕ ಹಾಕಿ: ಒಂದು ಚಿಟಿಕೆ ಅಂದರೆ ಕಾಲು ಗ್ರಾಂ ಅಂತಿಟ್ಟುಕೊಳ್ಳೋಣ, ಅಂದರೆ 250 ಮಿಲಿಗ್ರಾಂ. ಅದನ್ನು ಎರಡು ಕೆಜಿ ಗೋಬಿಗೆ ಕಲಸಿದರೆ ಕೆಜಿಗೆ 125. ಬೇರೆ ತಿಂಡಿಗೆ ಇರೋ ಮಿತಿಯೂ ಒಂದೇ ಚಿಟಿಕೆಯಲ್ಲಿ ದಾಟಿಹೋಯ್ತು.

ಮತ್ತೆ ಯಾಕೆ ಹಾಕ್ತಾರೆ? ಬ್ಯಾಡಗಿ ಮೆಣಸಿನಕಾಯಿ ಇಲ್ವಾ? ಇಲ್ಲಿ ನಿಜವಾದ ಒಂದು ಎಂಜಿನಿಯರಿಂಗ್ ಸಮಸ್ಯೆ ಇದೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಹಿಟ್ಟಿಗೆ ಕಲಸಿ ಬಾಣಲೆಗೆ ಬಿಟ್ಟರೆ ಒಂದಷ್ಟು ಬಣ್ಣ ಎಣ್ಣೆಗೆ ಇಳಿಯುತ್ತೆ, ಒಂದಷ್ಟು ಬಿಸಿಗೆ ಮಂಕಾಗುತ್ತೆ. ಪ್ಯಾಕೆಟ್ ಬಣ್ಣ ನೀರಿನಲ್ಲಿ ಕರಗುವಂಥದ್ದು, ಹಿಟ್ಟಿನಲ್ಲೇ ಉಳಿಯುತ್ತೆ, ಕರಿದ ಮೇಲೂ ಟೊಮೇಟೊ ಕೆಂಪು. ಅದರಲ್ಲೂ ಅಗ್ಗ. 40 ರೂಪಾಯಿ ಪ್ಲೇಟಿನಲ್ಲಿ ಗ್ಯಾಸು, ಎಣ್ಣೆ, ಹೂಕೋಸು ಎಲ್ಲ ಕಳೆದು ಉಳಿಯೋದರಲ್ಲಿ ಮನೆ ನಡೆಸೋ ಅಣ್ಣನಿಗೆ ಇದು ಸಣ್ಣ ವಿಷಯ ಅಲ್ಲ. ಜೈಲಿನ ಮಾತು ಬಂದಾಗ ಎಲ್ಲರ ಬೆರಳೂ ಅವರ ಕಡೆಗೇ. ಆದರೆ ಬಣ್ಣ ಹಾಕದೇ ಕಂದು ಗೋಬಿ ಕೊಟ್ಟ ದಿನ ‘ಏನಣ್ಣ, ಹಳೇದಾ?’ ಅಂತ ಕೇಳೋರು ಗಿರಾಕಿಗಳು. ಬಣ್ಣಕ್ಕೆ ರುಚಿ ಇಲ್ಲ, ಗಿರಾಕಿಯ ಕಣ್ಣಿಗಷ್ಟೇ ಅದು ಬೇಕು. ಹಾಗಾಗಿ ಶಿಕ್ಷೆಯ ಭಯಕ್ಕಿಂತ ಗಿರಾಕಿಯ ಒಂದು ಮಾತು ಹೆಚ್ಚು ಕೆಲಸ ಮಾಡುತ್ತೆ ಅಂತ ನಮ್ಮ ಅನಿಸಿಕೆ.

ನಿಮಗೆ ಅನುಮಾನ ಇದ್ದರೆ ಪಾರ್ಸೆಲ್ ತಂದಾಗ ಒಂದು ತುಂಡನ್ನು ತಣ್ಣೀರಿನ ಲೋಟಕ್ಕೆ ಹಾಕಿ. ಮೆಣಸಿನಕಾಯಿ ಬಣ್ಣವಾದರೆ ಎಣ್ಣೆಯ ಜೊತೆ ಹನಿಹನಿಯಾಗಿ ಮೇಲೆ ತೇಲುತ್ತೆ. ಪ್ಯಾಕೆಟ್ ಬಣ್ಣವಾದರೆ ನೀರೇ ಕಿತ್ತಳೆ ಅಥವಾ ಕೆಂಪಾಗುತ್ತೆ. ಸೋಯಾ ಸಾಸ್ ಇದ್ದರೆ ನೀರು ಸ್ವಲ್ಪ ಕಂದಾಗೋದು ಸಹಜ, ಅದಕ್ಕೆ ಗಾಬರಿ ಬೇಡ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಇದನ್ನೇ ಸಾಕ್ಷಿ ಅಂತ ಹಿಡಿದು ಯಾರ ಜೊತೆಗೂ ಜಗಳಕ್ಕೆ ಹೋಗಬೇಡಿ.

ಬಣ್ಣವಿಲ್ಲದೆ ಒಳ್ಳೆ ಗೋಬಿ ಆಗುತ್ತೆ, ಅದೂ ಬಾತುಕೋಳಿಯ ಲೆಕ್ಕದಲ್ಲೇ. ಗಾಡಿಯವರು ಸಂಜೆಗೆ ಮುಂಚೆ ಒಂದು ಸಲ ಕರಿದು ಗುಡ್ಡೆ ಹಾಕಿರ್ತಾರಲ್ಲ, ಅದು ನೀರು ತೆಗೆಯೋ ಹಂತ, ಬಾತನ್ನು ಒಣಗಿಸಿದ ಹಾಗೆ. ನಾವು ಆರ್ಡರ್ ಕೊಟ್ಟ ಮೇಲೆ ಎರಡನೇ ಸಲ ಎಣ್ಣೆಗೆ ಬಿದ್ದಾಗ ಬಣ್ಣ ಬರಬೇಕು. ಕೆಂಪು ಬೇಕೇ ಬೇಕು ಅಂದರೆ ನೆನೆಸಿದ ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಿಟ್ಟಿಗಲ್ಲ, ಕೊನೆಯಲ್ಲಿ ಸಾಸ್ ಜೊತೆ ಬೆಳ್ಳುಳ್ಳಿ ಒಗ್ಗರಣೆಗೆ ಹಾಕಬೇಕು. ಎಣ್ಣೆಯಲ್ಲಿ ಬಿಟ್ಟುಕೊಂಡ ಕೆಂಪು ಆಗ ಗೋಬಿಗೇ ಅಂಟುತ್ತೆ. ಗಾಡಿ ಮುಂದೆ ನಿಂತಾಗ ಹೇಳಬೇಕಾದ್ದು ಇಷ್ಟೇ: ‘ಅಣ್ಣ, ಕಲರ್ ಬೇಡ, ಎರಡ್ನೇ ಸಲ ಸ್ವಲ್ಪ ಜಾಸ್ತಿ ಹೊತ್ತು ಕರೀರಿ. ನಾವು ಕಾಯ್ತೀವಿ.’