ತಗಡಿನ ಸೂರಿನಡಿ ಏಪ್ರಿಲ್

ಹಿಂಡಲಗಾ ಅಂದರೆ ಬೆಳಗಾವಿಯವರಿಗೆ ಮೊದಲು ನೆನಪಾಗುವುದು ಸೆಂಟ್ರಲ್ ಜೈಲು. ಅದೇ ಊರಲ್ಲಿ ವೆಂಗುರ್ಲಾ ರಸ್ತೆ ಬಿಟ್ಟು ಹೊಲದ ದಾರಿಗೆ ತಿರುಗಿದರೆ ಜಾಲರಿ ಬಿಗಿದ ಎರಡು ಕೋಳಿ ಶೆಡ್ಡುಗಳು. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಮೊದಲು ಮರಿಗಳ ಶೆಡ್ಡು, ಆಮೇಲೆ ದೊಡ್ಡವುಗಳದ್ದು. ದೊಡ್ಡವುಗಳ ರೋಗ ಮರಿಗಳಿಗೆ ಬರಬಾರದಲ್ಲ!

ಮರಿಗಳಿಗೆ ಮೊದಲ ವಾರ 32ರಿಂದ 34 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾರೆ. ಬಲ್ಬಿನ ಕೆಳಗೆ ಒತ್ತೊತ್ತಾಗಿ ಕೂತರೆ ಚಳಿ, ತಗಡಿನ ಬೇಲಿಯ ಅಂಚಿಗೆ ಸರಿದರೆ ಸೆಕೆ. ಇದನ್ನು ಓದಬಲ್ಲವನಿಗೆ ಥರ್ಮಾಮೀಟರ್ ಎರಡನೆಯ ಸಾಕ್ಷಿಯಷ್ಟೆ.

ಪಕ್ಕದ ಶೆಡ್ಡಿನಲ್ಲಿ ಐದು ವಾರದ ಬ್ರಾಯ್ಲರ್‌ಗಳು. ಮರಿಯನ್ನು ಉಳಿಸಿದ ಅದೇ ಶಾಖ ಇಲ್ಲಿ ಕೊಲ್ಲುತ್ತದೆ. ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ತೇಕುತ್ತಿವೆ. ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಮೈಬಿಸಿ ಮಾಮೂಲಾಗಿಯೇ 41 ಡಿಗ್ರಿಯ ಆಸುಪಾಸು. 46–47ಕ್ಕೆ ಏರಿದರೆ ಪ್ರಾಣಕ್ಕೇ ಸಂಚಕಾರ. ತೇಕಿ ತೇಕಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಆಮ್ಲ-ಕ್ಷಾರದ ಹದ ತಪ್ಪುತ್ತದೆ. ಮೊಟ್ಟೆ ಕೋಳಿಯಾದರೆ ಚಿಪ್ಪು ತೆಳ್ಳಗಾಗುತ್ತದೆ. ಬ್ರಾಯ್ಲರ್ ಮೇವು ಬಿಡುತ್ತದೆ, ತೂಕ ಅಲ್ಲಿಗೇ ನಿಲ್ಲುತ್ತದೆ.

ಫೀಡರ್‌ಗಳೆಲ್ಲ ಹಗ್ಗದಲ್ಲಿ ಮೇಲೆ ತೂಗಾಡುತ್ತಿದ್ದವು. "ಹತ್ತಕ್ಕ ಮ್ಯಾಲೆ ಎತ್ತತೀವ್ರಿ, ಸಂಜೀಕ ಐದಕ್ಕ ಇಳಸತೀವಿ. ಈ ಬಿಸಲಾಗ ತಿಂದ್ರ ಹೊಟ್ಟೀ ಕಾವು ಒಂದ್ ಕಡೆ, ಸೂರಿನ ಕಾವು ಒಂದ್ ಕಡೆ" ಎಂದರು ಶೆಡ್ಡಿನ ಕಾಕಾ. ಮಾತು ಸರಿ. ತಿಂದ ಕೆಲವು ತಾಸು ಜೀರ್ಣಕ್ರಿಯೆಯೇ ಮೈಬಿಸಿ ಏರಿಸುತ್ತದೆ. ನೀರು ಮಾತ್ರ ಸದಾ ಇರಬೇಕು, ಅದೂ ತಣ್ಣಗೆ. ಬಿಸಿಲಲ್ಲಿ ಕಾದ ಟ್ಯಾಂಕಿನ ನೀರನ್ನು ಕೋಳಿ ಸರಿಯಾಗಿ ಕುಡಿಯುವುದಿಲ್ಲ. ಇಲ್ಲಿ ಟ್ಯಾಂಕಿಗೆ ಒದ್ದೆ ಗೋಣಿತಟ್ಟು ಸುತ್ತಿದ್ದಾರೆ, ನೀರಿಗೆ ಎಲೆಕ್ಟ್ರೊಲೈಟ್ ಮತ್ತು ವಿಟಮಿನ್ ಸಿ ಬೆರೆಸುತ್ತಾರೆ.

ಶೆಡ್ಡಿನ ಉದ್ದ ಪೂರ್ವ-ಪಶ್ಚಿಮಕ್ಕಿರಬೇಕಿತ್ತು. ಇದು ದಕ್ಷಿಣೋತ್ತರ; ಹೊಲ ಇದ್ದ ಹಾಗೆ ಕಟ್ಟಿದ್ದಾರೆ. ಇಳಿಹೊತ್ತಿನ ಬಿಸಿಲು ಪಕ್ಕದ ಜಾಲರಿಯಿಂದ ನೇರ ಒಳಕ್ಕೆ. ಖಾನಾಪುರ ಕಡೆಯ ಹಂಚಿನ ಮನೆಗಳಲ್ಲಿ ಬಿಸಿಗಾಳಿ ಸಂದಿಯಿಂದ ಹೊರಬೀಳುತ್ತದೆ, ತಗಡಿಗೆ ಆ ಗುಣವಿಲ್ಲ. ಸೂರಿನ ಅರ್ಧಕ್ಕೆ ಸುಣ್ಣ ಬಳಿದು ಕಬ್ಬಿನ ರವದಿ ಹೊದಿಸಿದ್ದಾರೆ, ಉಳಿದರ್ಧ ಬರಿ ತಗಡು. ಆ ಕಡೆಯಿಂದ ಈ ಕಡೆಗೆ ನಡೆದರೆ ನೆತ್ತಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಕೋಳಿಗಳಿಗೂ ಗೊತ್ತು, ರವದಿಯ ಕಡೆಯೇ ಹೆಚ್ಚು ಸೇರಿವೆ.

ಮಂಜಿನಂತೆ ನೀರು ಚಿಮ್ಮಿಸುವ ಫಾಗರ್ ಕೂಡ ಇದೆ. ಒಣ ಮಧ್ಯಾಹ್ನಕ್ಕೆ ಒಳ್ಳೆಯದು, ಗಾಳಿಯಾಡುತ್ತಿದ್ದರೆ ಇನ್ನೂ ಒಳ್ಳೆಯದು. ಮೇ ತಿಂಗಳಲ್ಲಿ ಅಡ್ಡಮಳೆ ಬಿದ್ದು ಗಾಳಿ ನಿಂತ ಸಂಜೆ ಅದನ್ನು ಹಾಕಿದರೆ ತೇಕಿದ ಉಸಿರೂ ಆರುವುದಿಲ್ಲ, ಹೊಟ್ಟಿನ ಹಾಸೂ ಒದ್ದೆಯಾಗುತ್ತದೆ. ಆಗ ಫ್ಯಾನೇ ಗತಿ.

ಸಣ್ಣ ಸಾಕಣೆದಾರರು ಫಾಗರ್‌ಗೆ ಸಾಲ ಮಾಡುವ ಮೊದಲು ಫೆಬ್ರುವರಿಯಲ್ಲೇ ಸೂರಿಗೆ ಸುಣ್ಣ ಬಳಿಯಲಿ, ಬೇಸಿಗೆ ಬ್ಯಾಚಿಗೆ ಹತ್ತರಲ್ಲಿ ಒಂದೆರಡು ಮರಿ ಕಡಿಮೆ ಇಳಿಸಲಿ.